ಹನ್ನೊಂದು ಕಾಲದಲ್ಲಿ

ನೆಬ್ರಾಸ್ಕದ ಈ ಊರಿನ ಗಾಳಿ ತೆಂಕಲಿಂದ ಬಂದರೆ
ಮಾಂಸದ ಕಾರ್ಖಾನೆಯ ವಾಸನೆ,
ಬಡಗಲಿಂದ ಬಂದರೆ ಬರಿಯ ಚಳಿ.
ಎರಡನೇ ತರಗತಿಯ ಕಿಟಕಿಯನ್ನು ನಾವು
ಗಾಳಿಯ ಮನಸ್ಸು ನೋಡಿ ತೆರೆಯುತ್ತೇವೆ.

ಗೋಡೆಯ ಚೀಟಿಗಳೆಲ್ಲ ನನ್ನ ಕೈಬರಹ.
ಸ್ಪ್ಯಾನಿಷ್ ಕೆಂಪು, ಇಂಗ್ಲಿಷ್ ನೀಲಿ.
ಬಾಗಿಲಿಗೆ ಎರಡು ಹೆಸರು, ಗಡಿಯಾರಕ್ಕೆ ಎರಡು,
ಕಸದ ಬುಟ್ಟಿಗೂ ಭೇದವಿಲ್ಲದೆ ಎರಡು.
ಸೋಮವಾರ ಕೆಂಪು, ಮಂಗಳವಾರ ನೀಲಿ,
ಶುಕ್ರವಾರ ಮಾತ್ರ ಊಟದ ಗಂಟೆಗೆ ಇಬ್ಭಾಗ.
ನಾನು ಟೀಚರಲ್ಲ, ಟೀಚರ ಸಹಾಯಕಿ.
ಮೂಗೊರೆಸುವುದು, ಶೂ ದಾರ ಕಟ್ಟುವುದು,
ಇವಕ್ಕೆ ಬಣ್ಣದ ಹಂಗಿಲ್ಲ.

ಡಾಲ್ಟನ್ ಕುಬಿಚೆಕ್‌ಗೆ ಸಿಟ್ಟು.
ಕೆಂಪಿನಲ್ಲಿ ಮೇಜು ಹೆಣ್ಣಂತೆ, ಪೆನ್ಸಿಲ್ಲು ಗಂಡಂತೆ,
ಯಾರು ಹೋಗಿ ಕೇಳಿದರು?
"ನಮ್ಮ ಮನೆಯ ಮೇಜು ಅಜ್ಜ ಮಾಡಿದ್ದು.
ಅದು ಏನೂ ಅಲ್ಲ, ಮೇಜು."
ಬ್ರಿಸೇಯ್ದಾಳಿಗೆ ಒಂದು ಮಂಗಳವಾರ
"ಸೋಪು ಹಚ್ಚಿ ಕೈ ತೊಳಿ" ಅಂದೆ.
ಕೆಂಪಿನಲ್ಲಿ ಸೋಪ ಎಂದರೆ ಸಾರು.
ಕೈಯನ್ನೂ ನೋಡಿದಳು, ನನ್ನನ್ನೂ ನೋಡಿದಳು,
"ಕೋಳಿಯದೋ?" ಅಂತ ಕೇಳಿದಳು.

ಎವ್ಲಾಲಿಯಾ ಬಂದದ್ದು ನವೆಂಬರಿನಲ್ಲಿ,
ಅಕ್ಕನ ಕೋಟಿನೊಳಗೆ, ತೋಳು ಎರಡು ಮಡಿಕೆ.
ಗ್ವಾಟೆಮಾಲ ಎಂದ ಕೂಡಲೇ ಆಫೀಸಿನವರು
ಮನೆಮಾತು ಸ್ಪ್ಯಾನಿಷ್ ಅಂತ ತಾವೇ ಬರೆದುಕೊಂಡರು.
ಅವಳ ತಾಯಿ ಕೆಂಪು ಕಾಗದಕ್ಕೂ ತಲೆಯಾಡಿಸಿದಳು,
ನೀಲಿ ಕಾಗದಕ್ಕೂ.
ಆ ಹೆಸರಿಗೆ ಸೊಗಸಾಗಿ ನುಡಿವವಳು ಎಂದು ಅರ್ಥವಂತೆ.
ಆರು ವಾರ ತುಟಿ ಪಿಟಕ್ಕೆನ್ನಲಿಲ್ಲ.
ಅವರದು ಬೆಟ್ಟದ ಮೇಲಿನ ಕನ್ಹೋಬಾಲ್ ಎಂದು
ನನಗೆ ತಿಳಿಸಿದ್ದು ಕಾರ್ಖಾನೆಯಲ್ಲಿ
ಅವಳಪ್ಪನ ಪಕ್ಕ ನಿಂತು ಎಲುಬು ಬಿಡಿಸುವ ನನ್ನ ತಮ್ಮ.
ಹಸಿರು ಪೆನ್ನು ಇತ್ತು.
ಬರೆಯಲು ನನಗೇನು ಬರುತ್ತಿತ್ತು?

ಡಿಸೆಂಬರಿನ ಒಂದು ಗುರುವಾರ, ನೀಲಿ.
ಹೊರಗೆ ಹಿಮ, ಒಳಗೆ ಹೀಟರಿನ ಗೊರಗೊರ.
ಓದುವ ಸರದಿ ಅವಳ ಬೆಂಚಿಗೆ ಬಂತು, ಎಂದಿನಂತೆ ದಾಟಿ ಹೋಗಬೇಕು,
ಅಷ್ಟರಲ್ಲಿ ಪುಟದ ಮೊದಲ ಪದದ ಮೇಲೆ ಬೆರಳಿಟ್ಟಳು.
ನಾಲ್ಕೇ ಅಕ್ಷರ. ನೀಲಿಯಲ್ಲಿ ಓದಿದರೆ ಒಂದಾನೊಂದು.
ಅವೇ ನಾಲ್ಕು, ಕೆಂಪಿನಲ್ಲಿ, ಹನ್ನೊಂದು.
"ಓನ್ಸೆ" ಅಂದಳು.
ಹನ್ನೊಂದು ಕಾಲದಲ್ಲಿ ಒಬ್ಬ ರಾಜನಿದ್ದ.

ಟೀಚರ್ ಬಾಯಿ ತೆರೆದರು, ತಿದ್ದಲಿಕ್ಕೆ.
ತಡೆದವನು ಡಾಲ್ಟನ್: "ಸರಿಯಾಗೇ ಓದಿದ್ದಾಳೆ.
ಹನ್ನೊಂದು. ನನಗೂ ಗೊತ್ತು."
"ಹಾಗಾದರೆ ಉಳಿದ ಹತ್ತು ಕಾಲ ರಾಜ ಎಲ್ಲಿ ಕಳೆದ?"
ಬ್ರಿಸೇಯ್ದಾಳ ಪ್ರಶ್ನೆ.
ತರಗತಿ ಅರ್ಧ ಗಂಟೆ ಅದನ್ನೇ ಹುಡುಕಿತು.
ಒಂದರಲ್ಲಿ ಅವನಿಗೆ ಕುದುರೆ ಇತ್ತು, ಒಂದರಲ್ಲಿ ಜ್ವರ,
ಒಂದರಲ್ಲಿ ಅವನು ರಾಜನೇ ಅಲ್ಲ, ಲಾರಿ ಓಡಿಸುತ್ತಿದ್ದ.
ಪುಸ್ತಕ ಮೊದಲ ಸಾಲಿನಲ್ಲೇ ಉಳಿಯಿತು.

ನಾನು ಓದಿದ್ದೂ ಇದೇ ರಾಜ್ಯದಲ್ಲಿ, ಪಡುವಣದ ಸಕ್ಕರೆಬೀಟಿನ ಸೀಮೆಯಲ್ಲಿ.
ಒರ್ತೆನ್ಸಿಯಾ ಎನ್ನಲಾರದೆ ಟೆಸ್ ಎಂದು ಕರೆದರು,
ನಾನು ಓಗೊಟ್ಟೆ.
ಅಮ್ಮನ ಮಾತನ್ನು ಬಸ್ಸಿನ ಮೆಟ್ಟಿಲಲ್ಲಿ ಬಿಟ್ಟು ಇಳಿಯಬೇಕು,
ಸಂಜೆ ಅಲ್ಲೇ ಇದ್ದರೆ ಎತ್ತಿಕೊಳ್ಳಬೇಕು.
ಕೆಲವು ಸಂಜೆ ಇರುತ್ತಿರಲಿಲ್ಲ.
ನನ್ನ ಪಾಲಿನ ಕಥೆಗೆ ಒಂದೇ ಕಾಲ.

ಬಸ್ಸಿಗೆ ಕಾಯುವಾಗ ಅವಳ ಕೋಟಿನ ಗುಂಡಿ ಹಾಕುತ್ತ ಕೇಳಿದೆ,
ನಿಮ್ಮಜ್ಜಿ ಹನ್ನೊಂದಕ್ಕೆ ಏನೆನ್ನುತ್ತಾಳೆ?
ತನ್ನ ಹತ್ತೂ ಬೆರಳು ಬಿಡಿಸಿದಳು. ಸಾಲಲಿಲ್ಲ.
ನನ್ನ ಕೈಗವಸು ಕಿತ್ತು
ಕಿರುಬೆರಳೊಂದನ್ನು ಪಕ್ಕಕ್ಕೆ ತಂದಿಟ್ಟುಕೊಂಡಳು.
ಆಮೇಲೆ ಆ ಪದ.
ಗಂಟಲಲ್ಲಿ ಸಣ್ಣ ಕಡ್ಡಿ ಮುರಿದ ಹಾಗೆ.
ನಾನೂ ಅಂದೆ. ಅಲ್ಲ ಎಂದು ತಲೆಯಾಡಿಸಿದಳು.
ಮತ್ತೆ ಅಂದೆ. ಕಡ್ಡಿ ಮುರಿಯಲಿಲ್ಲ.
ಹಾರ್ನ್ ಆಯಿತು. ಮೆಟ್ಟಿಲೇರಿ ತಿರುಗಿ ನಿಂತು
"ನಾಳೆ ಮತ್ತೆ" ಎಂದಳು, ಥೇಟು ಟೀಚರ ದನಿಯಲ್ಲಿ.
ಕೆಂಪಿನಲ್ಲಿ ಅಂದಳೋ, ನೀಲಿಯಲ್ಲೋ.
ಗಾಳಿ ತೆಂಕಲಿಂದ ತಿರುಗಿತ್ತು,
ಕಿಟಕಿ ಮುಚ್ಚಲು ಓಡಿದೆ.